ಹೊನೊಲುಲು ಓಣಿಗಳಲ್ಲಿ ನಡೆದು ಕಂಡಿದ್ದು: ನಿಮ್ಮದೂ ಸೇರಿಸಿ

ಕಾಲ್ನಡಿಗೆ

ನಾನು ಕುಂದಾಪುರ ಕಡೆಯವಳು. ಹೊನೊಲುಲುಗೆ ಬಂದು ಮೂರು ವರ್ಷ ಆಯಿತು. ಮನೆಯಲ್ಲಿರುವುದು ಒಂದೇ ಕಾರು. ಬೆಳಿಗ್ಗೆ ಯಜಮಾನರು ತಗೊಂಡು ಹೋದರೆ ಬರುವುದು ಸಂಜೆಗೇ. ಹಾಗಾಗಿ ನಾನು ನಡೆಯುತ್ತೇನೆ. ಮೊದಮೊದಲು ತರಕಾರಿ ತರಲು ನಡೆದೆ, ಆಮೇಲೆ ಸುಮ್ನೆ ನಡೆಯತೊಡಗಿದೆ.

ಹವಾಯಿ ಅಂದರೆ ಎಲ್ಲರೂ ಕೇಳುವುದು ಬೀಚು, ಜ್ವಾಲಾಮುಖಿ. ನನಗೆ ಹೇಳಬೇಕು ಅನ್ನಿಸುವುದು ಓಣಿಗಳ ಬಗ್ಗೆ.

ಇಲ್ಲಿಗೆ ಬಂದ ಹೊಸತು. ಇಓಲಾನಿ ಅರಮನೆ ಪಕ್ಕದ ಲೈಬ್ರರಿಗೆ ಹೋಗುವಾಗ ರಸ್ತೆ ಬದಿಯ ಮಳೆಮರಕ್ಕೆ ನೀಲಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದು ಕಂಡಿತು. ಕಡಿಯಲು ಗುರುತು ಹಾಕಿದ್ದಾರೆ ಅಂದುಕೊಂಡು ಬೇಜಾರಾಯಿತು. ನಾಯಿ ಕರೆದುಕೊಂಡು ಬಂದಿದ್ದ ಒಬ್ಬರು ಅಜ್ಜಿ ನನ್ನ ಮುಖ ನೋಡಿ ಬೆರಳು ಮೇಲಕ್ಕೆ ತೋರಿಸಿದರು. ಬೋಳು ಕೊಂಬೆ ಮೇಲೆ ಹಾಲಿನಂಥ ಬಿಳಿ ಹಕ್ಕಿ. ದೊಡ್ಡ ಕಪ್ಪು ಕಣ್ಣು. ಅದು ಸ್ವಲ್ಪ ಎದ್ದು ಮಗ್ಗುಲು ಬದಲಿಸಿದಾಗ ಕಂಡಿತು, ಚುಕ್ಕೆ ಚುಕ್ಕೆಯ ಒಂದೇ ಮೊಟ್ಟೆ. ಗೂಡಿಲ್ಲ. ಒಂದು ಹುಲ್ಲುಕಡ್ಡಿ ಕೂಡ ಇಲ್ಲ. ತೊಗಟೆಯ ಒಂದು ಸಣ್ಣ ತಗ್ಗಿನಲ್ಲಿ ಮೊಟ್ಟೆ ಕೂತಿತ್ತು, ಅಷ್ಟೇ.

ಅದರ ಹೆಸರು ಮನು-ಓ-ಕೂ. ನಮ್ಮ ರೀವ (ಟರ್ನ್) ಹಕ್ಕಿಗಳ ಜಾತಿ. ಕಡಲಲ್ಲಿ ಮೀನು ಹಿಡಿದು, ನಗರದ ಮಧ್ಯೆ ಮರಿ ಮಾಡುತ್ತದೆ. 2007ರಲ್ಲಿ ಹೊನೊಲುಲು ಇದನ್ನು ತನ್ನ ಅಧಿಕೃತ ಹಕ್ಕಿ ಮಾಡಿಕೊಂಡಿತು. ಮರದ ಕೊಂಬೆ ಸವರುವವರು ನೋಡದೆ ಕಡಿಯಬಾರದು ಅಂತ ಸ್ವಯಂಸೇವಕರು ನೀಲಿ ಪಟ್ಟಿ ಕಟ್ಟುತ್ತಾರೆ. ಅಂದಿನಿಂದ ನಾನು ಈ ಊರಲ್ಲಿ ಕತ್ತೆತ್ತಿಯೇ ನಡೆಯುವುದು. ಈ ವಾರ ಅದೇ ಕೊಂಬೆಯಲ್ಲಿ ಮತ್ತೆ ಮೊಟ್ಟೆ ಇದೆ. ಆ ಖುಷಿಗೇ ಈ ಎಳೆ ಶುರು ಮಾಡಿದೆ.

ಇನ್ನೊಂದು ವಿಷಯ. ಇಲ್ಲಿ ದಾರಿ ಹೇಳುವಾಗ ಪೂರ್ವ, ಪಶ್ಚಿಮ ಅನ್ನುವವರು ಕಡಿಮೆ. ಬೆಟ್ಟದ ಕಡೆ ಅಂದರೆ ಮೌಕಾ, ಕಡಲ ಕಡೆ ಅಂದರೆ ಮಕಾಯ್. ಸುತ್ತ ಕಡಲಿರುವ ದ್ವೀಪ ಆದ್ದರಿಂದ ಅದೇ ಸರಿ. 'ಅಂಗಡಿ ಮಕಾಯ್ ಬದಿಗಿದೆ' ಅಂದರೆ ಮುಗಿಯಿತು. 'ಪಡುವಿಗೆ ಹೋಗು, ಮೂಡಿಗೆ ತಿರುಗು' ಅಂತ ಕೇಳಿ ಬೆಳೆದವಳಿಗೆ ಇದು ಬೇಗ ಒಗ್ಗಿತು.

ಹವಾಯಿಯ ಯಾವ ಊರಲ್ಲಾದರೂ ನಡೆದವರು ಇದ್ದರೆ ನೀವು ಕಂಡಿದ್ದು ಬರೆಯಿರಿ.

ಮೈಸೂರು ಬೆಂಚು

ಒಳ್ಳೆ ಹೊತ್ತಿಗೆ ಬರೆದಿರಿ ಮೇಡಂ. ಇನ್ನೆರಡು ತಿಂಗಳಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೇನೆ. ಅಪ್ಪನಿಗೆ ಎಪ್ಪತ್ತೆರಡು, ಅಮ್ಮನಿಗೆ ಮಂಡಿ ನೋವು. ಇಬ್ಬರಿಗೂ ಬೀಚಲ್ಲಿ ಕೂರುವ ಅಭ್ಯಾಸ ಇಲ್ಲ, ಆದರೆ ಊರು ನೋಡುತ್ತಾ ನಿಧಾನಕ್ಕೆ ನಡೆಯುತ್ತಾರೆ. ಏರು ಇಲ್ಲದ, ಮಧ್ಯೆ ಕೂರಲು ಜಾಗ ಇರುವ ದಾರಿ ಹೇಳ್ತೀರಾ?

ಕಾಲ್ನಡಿಗೆ

ಖಂಡಿತ. ಅರಮನೆ ಸುತ್ತಮುತ್ತ ನೆಲ ಸಮತಟ್ಟು. ಅಲ್ಲಿಂದ ಶುರು ಮಾಡಿ. ಅರಮನೆ ಕಟ್ಟಿ ಮುಗಿದಿದ್ದು 1882ರಲ್ಲಿ. ಅಮೆರಿಕದ ಅಧ್ಯಕ್ಷರ ಶ್ವೇತಭವನಕ್ಕಿಂತ ಮೊದಲೇ ಇಲ್ಲಿ ವಿದ್ಯುತ್ ದೀಪ ಉರಿಯಿತು. ಅದೇ ಅರಮನೆಯಲ್ಲಿ 1895ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಒಂದು ಕೋಣೆಯೊಳಗೆ ಬಂಧಿಸಿ ಇಟ್ಟರು. ಅದಕ್ಕೆ ಎರಡು ವರ್ಷ ಮೊದಲು ಅವರ ರಾಜ್ಯವನ್ನೇ ಕಸಿದುಕೊಂಡಿದ್ದರು. ಅಂಗಳದಲ್ಲಿ ದೊಡ್ಡ ಆಲದ ಮರಗಳಿವೆ, ಅಪ್ಪ ಅಮ್ಮ ನೆರಳಲ್ಲಿ ಕೂರಬಹುದು.

ಎದುರಿಗೆ ಚಿನ್ನದ ಬಣ್ಣದ ಮೇಲುವಸ್ತ್ರ ಹೊದ್ದ ಕಮೆಹಮೆಹಾ ರಾಜನ ಪ್ರತಿಮೆ. ಹವಾಯಿ ದ್ವೀಪಗಳನ್ನು ಒಂದು ಮಾಡಿದ ರಾಜ. ಅದು ಎರಡನೆಯ ಎರಕ. ಮೊದಲನೆಯದನ್ನು ತರುತ್ತಿದ್ದ ಹಡಗು 1880ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ ಮುಳುಗಿತು. ಇನ್ನೊಂದು ಮಾಡಿಸಿದರು, 1883ರಲ್ಲಿ ಇಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಮುಳುಗಿದ್ದೂ ಸಿಕ್ಕಿತು! ಅದು ಈಗ ದೊಡ್ಡ ದ್ವೀಪದಲ್ಲಿ (ಹವಾಯಿ ಅನ್ನುವ ಹೆಸರಿನ ದ್ವೀಪಕ್ಕೇ ಇಲ್ಲಿ ಹಾಗನ್ನುವುದು), ರಾಜ ಹುಟ್ಟಿದ ಸೀಮೆಯಲ್ಲಿ ನಿಂತಿದೆ.

ಅಲ್ಲಿಂದ ಕವಾಯಹಾಓ ಚರ್ಚಿಗೆ ಸ್ವಲ್ಪವೇ ದೂರ. ಗೋಡೆಯ ಹತ್ತಿರ ಹೋಗಿ ನೋಡಿ ಅಂತ ಅಪ್ಪನಿಗೆ ಹೇಳಿ. ದೂರದಿಂದ ಸಾದಾ ಕಲ್ಲಿನ ಗೋಡೆ. ಒಂದಡಿ ಹತ್ತಿರ ಹೋದರೆ ಕಲ್ಲಿನೊಳಗೆ ಸಣ್ಣ ಸಣ್ಣ ಹೂವಿನಂಥ ಗುರುತುಗಳು, ತೂತುಗಳು. ಅದು ಹವಳ. 1836ರಿಂದ 1842ರವರೆಗೆ ಜನ ಕಡಲಿಗೆ ಮುಳುಗಿ ಹವಳದ ಬಂಡೆ ಕಡಿದು, ಎತ್ತಿ ತಂದು ಕಟ್ಟಿದ್ದು. ಸುಮಾರು 14,000 ತುಂಡುಗಳು. ನಾನು ಪ್ರತಿ ಸಲ ಹೋದಾಗಲೂ ಆ ಗೋಡೆಗೆ ಅಂಗೈ ಇಟ್ಟು ನಿಲ್ಲುತ್ತೇನೆ.

ಹಳೇ ಪ್ರವಾಸಿ

ನಾವು ಹೋದಾಗ ಚೈನಾಟೌನಿನಲ್ಲಿ ನಡೆದೆವು. ಫುಟ್‌ಪಾತಿನ ಮೇಲೆ ಮಲಗಿದವರು ಜಾಸ್ತಿ. ಹೆಂಡತಿಗೆ ಭಯ ಆಗಿ ಅರ್ಧಕ್ಕೇ ವಾಪಸ್ ಬಂದೆವು. ವಯಸ್ಸಾದವರನ್ನು ಅಲ್ಲಿಗೆ ಕಳಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಕಾಲ್ನಡಿಗೆ

ನಿಮ್ಮ ಮಾತು ಅರ್ಥ ಆಗುತ್ತದೆ ಸರ್, ಆದರೆ ನಾನು ಒಪ್ಪುವುದಿಲ್ಲ. ಮನೆ ಇಲ್ಲದವರು ಇಲ್ಲಿ ತುಂಬಾ ಜನ ಇದ್ದಾರೆ. ಬಾಡಿಗೆ ಅಷ್ಟು ಏರಿದೆ. ಆ ಬೀದಿಯೇ ಅವರ ಮನೆ. ಫೋಟೋ ತೆಗೆಯದೆ, ದಿಟ್ಟಿಸಿ ನೋಡದೆ ಪಕ್ಕದಲ್ಲಿ ನಡೆದು ಹೋದರೆ ಆಯಿತು. ಮೂರು ವರ್ಷದಲ್ಲಿ ನನಗೆ ಯಾರಿಂದಲೂ ತೊಂದರೆ ಆಗಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ. 1904ರ ಓಆಹು ಮಾರ್ಕೆಟ್ಟಿನಲ್ಲಿ ಮಂಜುಗಡ್ಡೆ ಮೇಲೆ ಮೀನು ಹರಡಿ ಕೂತಿರುತ್ತಾರೆ, ಕೂಗಾಟ, ಚೌಕಾಸಿ. ನಮ್ಮ ಮೀನುಪೇಟೆಯ ಗದ್ದಲವೇ.

ಅಲ್ಲಿಯೂ ಕತ್ತೆತ್ತಿ ನೋಡಬೇಕು. ಹಳೇ ಕಟ್ಟಡಗಳ ನೆತ್ತಿಯಲ್ಲಿ ಇಸವಿ ಕೆತ್ತಿರುತ್ತಾರೆ. 1900ಕ್ಕಿಂತ ಹಿಂದಿನದು ಸಿಗುವುದೇ ಅಪರೂಪ. ಆ ವರ್ಷ ಪ್ಲೇಗ್ ಬಂದಿತ್ತು. ರೋಗ ಬಂದ ಮನೆಗಳನ್ನು ಸರ್ಕಾರದವರೇ ಸುಡುತ್ತಿದ್ದರು. ಜನವರಿ 20ರಂದು ಗಾಳಿ ತಿರುಗಿತು. ಬೆಂಕಿ ಕೈಮೀರಿ 38 ಎಕರೆ ಸುಟ್ಟುಹೋಯಿತು. ಸಾವಿರಾರು ಜನ ಮನೆ ಕಳೆದುಕೊಂಡರು. ಆ ಬೀದಿಯಲ್ಲಿ ಮನೆ ಇಲ್ಲದವರ ಕಥೆ ಇವತ್ತಿನದಲ್ಲ.

ಗಂಧದ ಕೊರಡು

ಚೈನಾಟೌನಿನ ಬೋರ್ಡುಗಳ ಬಗ್ಗೆ ನಾನೊಂದು ಸೇರಿಸುತ್ತೇನೆ. ಚೀನೀ ಭಾಷೆಯಲ್ಲಿ ಹೊನೊಲುಲುವಿಗೆ ಇರುವ ಹೆಸರು ಟಾನ್‌ಶಿಯಾಂಗ್‌ಶಾನ್. ಅಂದರೆ ಗಂಧದ ಬೆಟ್ಟ! ಅಂಗಡಿ ಬೋರ್ಡುಗಳಲ್ಲಿ, ಸಂಘಗಳ ಫಲಕಗಳಲ್ಲಿ ಆ ಮೂರು ಅಕ್ಷರ ಹುಡುಕಿ. ಒಮ್ಮೆ ಯಾರಾದರೂ ತೋರಿಸಿಕೊಟ್ಟರೆ ಆಮೇಲೆ ಎಲ್ಲೆಲ್ಲೂ ಅದೇ ಕಾಣುತ್ತದೆ.

ಹವಾಯಿಯಲ್ಲಿ ಗಂಧದ ಮರಕ್ಕೆ ಇಲಿಆಹಿ ಅನ್ನುತ್ತಾರೆ. ನಮ್ಮ ಶ್ರೀಗಂಧ ಅಲ್ಲ, ಅದರ ದಾಯಾದಿ. 1800ರ ನಂತರ ಹಡಗುಗಟ್ಟಲೆ ಗಂಧ ಚೀನಾಕ್ಕೆ ಹೋಯಿತು. ಕಮೆಹಮೆಹಾ ಇರುವವರೆಗೆ ವ್ಯಾಪಾರ ಅವನ ಹಿಡಿತದಲ್ಲಿತ್ತು. 1819ರಲ್ಲಿ ಅವನು ಹೋದ ಮೇಲೆ ಪಾಳೆಯಗಾರರು ಸಾಲಕ್ಕೆ ಬಿದ್ದರು. ಸಾಲ ತೀರಿಸಲು ಜನರನ್ನು ಬೆಟ್ಟಕ್ಕೆ ಅಟ್ಟಿದರು. ಗದ್ದೆ ನೋಡುವವರಿಲ್ಲದೆ ಹಸಿವು ಬಂತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಬೆಟ್ಟ ಬೋಳಾಯಿತು. ಹೆಸರು ಮಾತ್ರ ಬೋರ್ಡಿನ ಮೇಲೆ ಉಳಿದಿದೆ.

ಮೈಸೂರು ಬೆಂಚು

ನಮ್ಮ ಕಡೆ 1792ರಲ್ಲಿ ಟಿಪ್ಪು ಗಂಧವನ್ನು ಅರಸರ ಮರ ಅಂತ ಸಾರಿದ ಅಂತ ಅಪ್ಪ ಹೇಳುತ್ತಿರುತ್ತಾರೆ. ಅವರಿಗೆ ನಿಮ್ಮ ಪೋಸ್ಟು ಓದಿ ಹೇಳಿದೆ. 'ಆ ಬೋರ್ಡು ನೋಡಲೇಬೇಕು' ಅಂದರು. ಚೈನಾಟೌನ್ ಖಾಯಂ.

ಸಂಜೆ ಮಲ್ಲಿಗೆ

ನಾನು ಶಂಕರಪುರದವಳು. ಊರ ತುಂಬ ಮಲ್ಲಿಗೆ ಗಿಡ. ಅಮ್ಮ ಇವತ್ತಿಗೂ ಕಟ್ಟುತ್ತಾರೆ. ಹೋದ ವರ್ಷ ಹೊನೊಲುಲುವಿನ ಮೌನಾಕೆಆ ಬೀದಿಯಲ್ಲಿ ಹೋಗುವಾಗ ಪರಿಮಳ ಬಂತು. ಕಾಲು ತಾನಾಗಿಯೇ ನಿಂತಿತು.

ಅಲ್ಲಿ ಸಾಲಾಗಿ ಲೇ ಅಂಗಡಿಗಳು. ಲೇ ಅಂದರೆ ಹೂಮಾಲೆ. ಮಲ್ಲಿಗೆಗೆ ಅವರು ಪಿಕಾಕೆ ಅನ್ನುತ್ತಾರೆ. ನವಿಲಿಗೂ ಅದೇ ಮಾತು. ರಾಜಕುಮಾರಿ ಕಾಇಉಲಾನಿಗೆ ನವಿಲೂ ಇಷ್ಟ, ಈ ಹೂವೂ ಇಷ್ಟ. ಹಾಗೆ ನವಿಲಿನ ಹೆಸರು ಹೂವಿಗೆ ಬಂತು. ನಮ್ಮ ಶಂಕರಪುರ ಮಲ್ಲಿಗೆ ಮತ್ತು ಅವರ ಪಿಕಾಕೆ ಎರಡೂ ಒಂದೇ ಜಾತಿಯ ಗಿಡ, ತಳಿ ಬೇರೆ.

ಅಂಗಡಿಯ ಅಮ್ಮ ಕೆಲಸ ಮಾಡುವುದನ್ನು ಹದಿನೈದು ನಿಮಿಷ ನಿಂತು ನೋಡಿದೆ. ನಾವು ಬಾಳೆನಾರಿನಲ್ಲಿ ಎರಡೆರಡು ಮೊಗ್ಗು ಹಿಡಿದು ಗಂಟು ಹಾಕುತ್ತೇವೆ, ಅಲ್ವಾ? ಅವರು ಗಂಟೇ ಹಾಕುವುದಿಲ್ಲ. ಒಂದಡಿಗಿಂತ ಉದ್ದದ ಸಪೂರ ಸೂಜಿ. ಬಿರಿಯದ ಮೊಗ್ಗನ್ನು ತೊಟ್ಟಿನಿಂದ ತುದಿಗೆ ಚುಚ್ಚಿ, ಒಂದರ ಹಿಂದೆ ಒಂದು ಸಾಲು ಮಾಡಿ, ಸೂಜಿ ತುಂಬಿದ ಮೇಲೆ ದಾರಕ್ಕೆ ಜಾರಿಸುತ್ತಾರೆ. ಮುತ್ತಿನ ಸರ ಥರಾ ಕಾಣುತ್ತದೆ. ಮಾರುವುದು ಎಳೆ ಲೆಕ್ಕದಲ್ಲಿ. ನಮ್ಮಲ್ಲಿ ಚೆಂಡು, ಅಟ್ಟೆ ಇದ್ದ ಹಾಗೆ. ನನ್ನ ಅಮ್ಮ ಹೂ ಕಟ್ಟುವ ವಿಡಿಯೋ ತೋರಿಸಿದೆ. ಅವರು ಎರಡು ಸಲ ನೋಡಿ, ತಮ್ಮ ಬೆರಳಲ್ಲಿ ಆ ಗಂಟು ಹಾಕಲು ಪ್ರಯತ್ನಪಟ್ಟರು. ಮೂರನೇ ಸಲಕ್ಕೆ ಬಂತು!

ಒಂದು ಕಿವಿಮಾತು. ಲೇ ಬಾಡಿದರೆ ಕಸದ ಬುಟ್ಟಿಗೆ ಹಾಕಬೇಡಿ. ದಾರ ಬಿಚ್ಚಿ ಹೂವನ್ನು ಮಣ್ಣಿಗೆ ಸೇರಿಸುತ್ತಾರೆ. ಬಸುರಿಯರಿಗೆ ಕೊಡುವ ಲೇ ಬಳೆಯ ಹಾಗೆ ಸುತ್ತು ಕೂಡಿರಬಾರದು, ತುದಿ ಬಿಟ್ಟಿರಬೇಕು. ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳಬಾರದು ಅನ್ನುವ ಭಾವನೆ.

ಹಕ್ಕಿ ಹಿಂದೆ

ಮಲ್ಲಿಗೆ ಅಕ್ಕ, ಆ ವಿಡಿಯೋ ಇಲ್ಲೂ ಹಾಕಿ.

ಕಾಲ್ನಡಿಗೆ ಅವರೇ, ಫುಟ್‌ಪಾತಿನ ಮೇಲೆ ಗೊರವಂಕ ಕಂಡಿಲ್ವಾ? ಅದು ನಮ್ಮಲ್ಲಿಂದ ಹೋದ ಹಕ್ಕಿ. 1865ರಲ್ಲಿ ವಿಲಿಯಂ ಹಿಲೆಬ್ರಾಂಡ್ ಅನ್ನುವ ಡಾಕ್ಟರು ಭಾರತದಿಂದ ತಂದು ಬಿಟ್ಟರು, ಹುಲ್ಲು ತಿನ್ನುವ ಹುಳ ಹಿಡಿಯಲಿ ಅಂತ. ಚೈನಾಟೌನ್ ಪಕ್ಕದ ಫಾಸ್ಟರ್ ಸಸ್ಯೋದ್ಯಾನ ಶುರುವಾಗಿದ್ದೂ ಅವರು ಗಿಡ ನೆಟ್ಟ ಜಾಗದಲ್ಲೇ. ಅಲ್ಲಿ ನಾಗಲಿಂಗದ ಮರ ಇದೆ. ಪಿಕಳಾರವೂ ಊರ ತುಂಬ ಇದೆ, ಆದರೆ ರೈತರಿಗೆ ಅದು ದೊಡ್ಡ ಪೀಡೆ.

ಮುಂಗುಸಿ ಕಥೆ ಇನ್ನೂ ಬೇಸರದ್ದು. ಕಬ್ಬಿನ ಗದ್ದೆಯ ಇಲಿ ಹಿಡಿಯಲು 1883ರಲ್ಲಿ ಜಮೈಕಾದಿಂದ ತಂದರು. ಜಮೈಕಾಕ್ಕೆ ಹೋಗಿದ್ದು ಕಲ್ಕತ್ತಾದಿಂದ. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಹಗಲು. ಇಲಿ ಉಳಿಯಿತು. ನೆಲದಲ್ಲಿ ಮೊಟ್ಟೆ ಇಡುವ ಸ್ಥಳೀಯ ಹಕ್ಕಿಗಳಿಗೆ ಕುತ್ತು ಬಂತು. ಮನು-ಓ-ಕೂ ಎತ್ತರದ ಕೊಂಬೆಯಲ್ಲಿರುವುದನ್ನು ನೋಡಿದಾಗ ನನಗೆ ಅದೇ ನೆನಪಾಗುತ್ತದೆ. ಕವಾಯಿ ದ್ವೀಪದಲ್ಲಿ ಮುಂಗುಸಿ ನೆಲೆಯೂರಲಿಲ್ಲ. ಅಲ್ಲಿ ಬೀದಿ, ಪಾರ್ಕಿಂಗ್ ಎಲ್ಲ ಕಡೆ ಕಾಡುಬಿದ್ದ ಕೋಳಿಗಳದೇ ಸಂಸಾರ.

ಕಲ್ಲು ಕೆತ್ತನೆ

ಕವಾಯಿ ಅಂದಿರಿ, ಒಂದೇ ಮಾತು ಸೇರಿಸುತ್ತೇನೆ. ಅಲ್ಲಿನ ಇರೈವನ್ ಅನ್ನುವ ಶಿವ ದೇವಸ್ಥಾನದ ಗ್ರಾನೈಟು ಬೆಂಗಳೂರಿನ ಹತ್ತಿರ ಕೈಯಲ್ಲೇ ಕೆತ್ತಿ ಹಡಗಿನಲ್ಲಿ ಹೋಗಿದ್ದು. ಕೆತ್ತನೆ ಶುರುವಾಗಿದ್ದು 1990ರಲ್ಲಿ, ಪ್ರತಿಷ್ಠೆ ಆಗಿದ್ದು 2023ರಲ್ಲಿ. ಹೋದವರು ಕಂಬಗಳ ಮೇಲಿನ ಉಳಿ ಗುರುತು ನೋಡಿ ಬನ್ನಿ.

ಹಿಲೋದಿಂದ

ನಾನಿರುವುದು ದೊಡ್ಡ ದ್ವೀಪದ ಹಿಲೋದಲ್ಲಿ. ನಮ್ಮೂರಿನ ಕಮೆಹಮೆಹಾ ಅವೆನ್ಯೂದಲ್ಲಿ ಹಸಿರು ಕಂಬದ ಮೇಲೆ ಒಂದು ಗಡಿಯಾರ ಇದೆ. ಯಾವಾಗ ನೋಡಿದರೂ 1 ಗಂಟೆ 4 ನಿಮಿಷ. ಕೆಟ್ಟಿದೆ ಅಂದುಕೊಂಡು ಹೊಸಬರು ಹಾಗೇ ಹೋಗುತ್ತಾರೆ. 1960ರ ಮೇ 23, ಬೆಳಗಿನ ಜಾವ ಆ ಹೊತ್ತಿಗೆ ಸುನಾಮಿ ಬಂತು. ಚಿಲಿಯಲ್ಲಿ ಆದ ಭೂಕಂಪದ ಅಲೆ ಅದು. ಇಲ್ಲಿ 61 ಜನ ಸತ್ತರು. ಗಡಿಯಾರದ ಕಂಬವನ್ನು ಆಮೇಲೆ ಮತ್ತೆ ನೆಟ್ಟರು, ಮುಳ್ಳನ್ನು ಮಾತ್ರ ಹಾಗೆಯೇ ಬಿಟ್ಟರು. ಮೊದಲು ಅಲ್ಲೆಲ್ಲ ಮನೆ, ಅಂಗಡಿ ಇದ್ದವು. ಈಗ ಕಡಲ ಪಕ್ಕ ಉದ್ದಕ್ಕೂ ಹುಲ್ಲು ಬಯಲು. ಇಷ್ಟು ಒಳ್ಳೆ ಜಾಗ ಯಾಕೆ ಖಾಲಿ ಬಿಟ್ಟಿದ್ದಾರೆ ಅಂತ ಕೇಳುವವರಿಗೆ ನಾನು ಗಡಿಯಾರ ತೋರಿಸುತ್ತೇನೆ.

ಅಲ್ಲಿಂದ ಮುಂದೆ ಬನಿಯನ್ ಡ್ರೈವ್. ಎರಡೂ ಕಡೆ ಆಲದ ಮರಗಳು, ಒಂದೊಂದರ ಬುಡದಲ್ಲೂ ನೆಟ್ಟವರ ಹೆಸರಿನ ಹಲಗೆ. 1933ರಿಂದ ನೆಟ್ಟಿದ್ದು. ಬೇಸ್‌ಬಾಲ್ ಆಟಗಾರ ಬೇಬ್ ರೂತ್, ವಿಮಾನ ಹಾರಿಸಿದ ಅಮೀಲಿಯಾ ಇಯರ್‌ಹಾರ್ಟ್, ಅಧ್ಯಕ್ಷ ರೂಸ್‌ವೆಲ್ಟ್. ನೆಟ್ಟವರೆಲ್ಲ ಹೋದರು, ಬಿಳಲು ಇನ್ನೂ ಇಳಿಯುತ್ತಿದೆ.

ಮಲ್ನಾಡ್ ಮಳೆ

ಹೊನೊಲುಲುವಿನ ಮಾನೋವಾ ಕಣಿವೆ ಬಗ್ಗೆ ಯಾರೂ ಬರೆಯಲಿಲ್ಲ! ಓದಲು ಎರಡು ವರ್ಷ ಅಲ್ಲಿದ್ದೆ. ಕೆಳಗೆ ಕಡಲ ದಂಡೆಯ ವೈಕಿಕಿಯಲ್ಲಿ ಸುಡುಬಿಸಿಲು. ಬಸ್ಸಲ್ಲಿ ಕಾಲು ಗಂಟೆ ಮೇಲೆ ಬಂದರೆ ತುಂತುರು. ಆ ಮಳೆಗೆ ಹೆಸರಿದೆ, ತುಆಹಿನೆ. ಒಂದೊಂದು ಕಣಿವೆಯ ಮಳೆಗೆ ಒಂದೊಂದು ಹೆಸರು. ನಮ್ಮ ಅಜ್ಜ ಆರಿದ್ರಾ, ಪುನರ್ವಸು ಅಂತ ಮಳೆಗಳನ್ನು ಹೆಸರಿಡಿದು ಕರೆಯುತ್ತಿದ್ದರು. ಅಲ್ಲಿ ನಕ್ಷತ್ರದ ಲೆಕ್ಕ ಅಲ್ಲ, ಜಾಗದ ಲೆಕ್ಕ. ಬಿಸಿಲು ಮಳೆ ಒಟ್ಟಿಗೆ ಬಂದು ದಿನಾ ಕಾಮನಬಿಲ್ಲು. ಅಲ್ಲಿನ ವಿಶ್ವವಿದ್ಯಾಲಯದ ಆಟದ ತಂಡಗಳ ಹೆಸರಲ್ಲೂ ಕಾಮನಬಿಲ್ಲು ಇದೆ.

ಇನ್ನು ಮನೆ ಬಾಗಿಲು! ಪ್ರತಿ ಬಾಗಿಲ ಹೊರಗೂ ಚಪ್ಪಲಿ ರಾಶಿ. ಒಳಗೆ ಹಾಕಿಕೊಂಡು ಹೋಗುವ ಹಾಗಿಲ್ಲ. ಅವರು ಅದಕ್ಕೆ ಸ್ಲಿಪ್ಪರ್ ಅಂತಲೇ ಅನ್ನುವುದು. ಊರಲ್ಲಿ ನಾವು ಹವಾಯಿ ಚಪ್ಪಲಿ ಅನ್ನುತ್ತೇವೆ ಅಂತ ಮನೆ ಮಾಲೀಕರಿಗೆ ಹೇಳಿದಾಗ ಅವರಿಗೆ ತುಂಬಾ ಖುಷಿಯಾಯಿತು.

ಕಾಲ್ನಡಿಗೆ

ಚಪ್ಪಲಿ ರಾಶಿ ನೋಡಿದರೆ ಒಳಗೆ ಎಷ್ಟು ಮಕ್ಕಳಿದ್ದಾರೆ ಅಂತ ಹೇಳಬಹುದು. ಕೈಮುಕಿಯಲ್ಲಿ ನಡೆಯುವಾಗ ನಾನು ಹಾಗೇ ಎಣಿಸುತ್ತೇನೆ.

ಕೈಮುಕಿ ನನಗೆ ಎಲ್ಲಕ್ಕಿಂತ ಇಷ್ಟದ ಕೇರಿ. ಏರುರಸ್ತೆ, ಹಾಗಾಗಿ ಮೈಸೂರಿನವರ ಅಮ್ಮನಿಗೆ ಬೇಡ. ಚಿಕ್ಕ ಚಿಕ್ಕ ಮರದ ಮನೆಗಳು, ಲಾವಾ ಕಲ್ಲು ಜೋಡಿಸಿದ ಪಾಗಾರ, ಗಾಜಿನ ಪಟ್ಟಿಗಳ ಕಿಟಕಿ. ಗಾಳಿ ಆಡಲಿ ಅಂತ ತೂತು ಬಿಟ್ಟ ಸಿಮೆಂಟ್ ಜಾಲಿ ಇಟ್ಟ ಹಳೇ ಅಪಾರ್ಟ್‌ಮೆಂಟುಗಳು. ಪ್ರತಿ ಕಟ್ಟಡದ ಜಾಲಿಗೂ ಬೇರೆ ಬೇರೆ ವಿನ್ಯಾಸ. ಒಂದರಲ್ಲಿ ನಕ್ಷತ್ರ, ಇನ್ನೊಂದರಲ್ಲಿ ಮೀನಿನ ಹುರುಪೆ.

ಮಾವಿನ ಕಾಲದಲ್ಲಿ ಗೇಟಿನ ಹೊರಗೆ ಬುಟ್ಟಿ ಇಡುತ್ತಾರೆ, ಬೇಕಾದವರು ತಗೊಳ್ಳಿ ಅಂತ. ಒಂದು ಬುಟ್ಟಿಯ ಮೇಲೆ 'ಪಿರಿ' ಅಂತ ಬರೆದಿತ್ತು. ದೋಟಿಯ ತುದಿಗೆ ಬಲೆ ಕಟ್ಟಿಕೊಂಡು ಹಣ್ಣು ಇಳಿಸುತ್ತಿದ್ದ ಅಜ್ಜ, ಭಾರತದಿಂದ ಬಂದ ತಳಿ ಅಂದರು. ಮನೆಗೆ ತಂದು ಕೊಯ್ದೆ. ಎಳೆ ಎಳೆ ರಸ, ಆ ವಾಸನೆ. ನಮ್ಮ ಪೈರಿ! ಮುಂಬೈ ಕಡೆಯಿಂದ ಬಂದ ಪೈರಿಯೇ ಇಲ್ಲಿನ ಬಾಯಲ್ಲಿ ಪಿರಿ ಆಗಿದೆ. ಮರುದಿನ ಅಜ್ಜನಿಗೆ ಮಾವಿನ ಹಣ್ಣಿನ ಸಾಸಿವೆ ಮಾಡಿ ಒಂದು ಡಬ್ಬಿ ಕೊಟ್ಟು ಬಂದೆ. ಈಗ ಪ್ರತಿ ವರ್ಷ ನನ್ನ ಹೆಸರಿಗೆ ಒಂದು ಚೀಲ ಎತ್ತಿಟ್ಟಿರುತ್ತಾರೆ.

ಹಳೇ ಪ್ರವಾಸಿ

ನೀವೆಲ್ಲ ವೈಕಿಕಿಯನ್ನು ಬಿಟ್ಟೇಬಿಟ್ಟಿರಿ. ಅಲ್ಲೂ ನೋಡುವುದು ಇದೆ. ಕಪಿಓಲಾನಿ ಪಾರ್ಕಿನಲ್ಲಿ, ಮೃಗಾಲಯದ ಹತ್ತಿರ ಗಾಂಧೀಜಿ ಪ್ರತಿಮೆ ಇದೆ. ನಾವು ಹೋದ ದಿನ ಕೊರಳಲ್ಲಿ ಬಾಡಿದ ಲೇ ಇತ್ತು. ಕಡಲ ದಂಡೆಯಲ್ಲಿ ಡ್ಯೂಕ್ ಕಹನಮೋಕು ಪ್ರತಿಮೆ. 1912ರ ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದವರು, ಸರ್ಫಿಂಗನ್ನು ಜಗತ್ತಿಗೆ ತೋರಿಸಿದವರು. ಅವರು ಕಡಲಿಗೆ ಬೆನ್ನು ಹಾಕಿ ನಿಂತಿದ್ದಾರೆ! ಅಲೆ ಆಡುವವರು ಯಾರೂ ಕಡಲಿಗೆ ಬೆನ್ನು ಹಾಕುವುದಿಲ್ಲ ಅಂತ ಇಲ್ಲಿಯವರು ಆಕ್ಷೇಪಿಸಿದ್ದರಂತೆ. ಅವರ ಮಾತೇ ಸರಿ ಅನ್ನಿಸಿತು.

ಕಾಲ್ನಡಿಗೆ

ಹೌದು ಸರ್, ಬಿಡಬಾರದಿತ್ತು. ಡ್ಯೂಕ್ ಹತ್ತಿರವೇ ಬೇಲಿಯೊಳಗೆ ನಾಲ್ಕು ದೊಡ್ಡ ಬಂಡೆ ಇವೆ, ನೋಡಿದ್ರಾ? ಬಹಳ ಹಿಂದೆ ತಹಿತಿ ಕಡೆಯಿಂದ ಬಂದ ನಾಲ್ವರು ವೈದ್ಯರ ನೆನಪಿನ ಕಲ್ಲುಗಳು. ಅವರು ಮಾಹೂ, ಅಂದರೆ ಗಂಡು ಹೆಣ್ಣು ಎರಡೂ ಗುಣ ಇದ್ದವರು. 1941ರಲ್ಲಿ ಅವುಗಳ ಮೇಲೆ ಬೌಲಿಂಗ್ ಆಟದ ಕಟ್ಟಡ ಕಟ್ಟಿಬಿಟ್ಟರು. ಎರಡು ದಶಕ ನೆಲದಡಿ ಇದ್ದು ಮತ್ತೆ ಹೊರಬಂದವು. ಪಕ್ಕದಲ್ಲೇ ಜನ ಐಸ್‌ಕ್ರೀಂ ತಿನ್ನುತ್ತಾ ಹೋಗುತ್ತಾರೆ. ಒಬ್ಬರಾದರೂ ನಿಂತು ಲೇ ಇಟ್ಟು ಹೋಗುವುದನ್ನು ನಾನು ಕಂಡಿದ್ದೇನೆ. ಇಂಥ ಕಡೆ ಕಲ್ಲು ಮುಟ್ಟಬೇಡಿ, ಲೇ ಎತ್ತಬೇಡಿ. ನಮಗೆ ಅದು ನೋಡುವ ವಸ್ತು, ಅವರಿಗೆ ದೇವರು.

ಮೈಸೂರು ಬೆಂಚು (ಎರಡು ತಿಂಗಳ ನಂತರ)

ಹೋಗಿ ಬಂದೆವು! ಕಾಲ್ನಡಿಗೆ ಮೇಡಂ ಅರ್ಧ ದಿನ ಜೊತೆಗೇ ಬಂದಿದ್ದರು. ಇಲ್ಲಿ ಇನ್ನೊಮ್ಮೆ ಥ್ಯಾಂಕ್ಸ್.

ಅಪ್ಪ ಹವಳದ ಗೋಡೆಗೆ ಕನ್ನಡಕ ತೆಗೆದು ಮುಖ ಹಚ್ಚಿ ನೋಡಿದರು. ಚೈನಾಟೌನಿನಲ್ಲಿ ಒಬ್ಬ ಅಂಗಡಿಯವರು 'ಗಂಧದ ಬೆಟ್ಟ'ದ ಮೂರು ಅಕ್ಷರ ತೋರಿಸಿದರು. ಅಪ್ಪ ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಅಮ್ಮ ಮೂರೆಳೆ ಪಿಕಾಕೆ ತಗೊಂಡರು. ಬೆಲೆ ಕೇಳಿ ನಾನು ಸುಮ್ಮನಾದೆ, ಅಮ್ಮ ಸುಮ್ಮನಾಗಲಿಲ್ಲ, ಬೇಕೇ ಬೇಕು ಅಂದರು. ಕೊರಳಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ನಡೆದು, ಆಮೇಲೆ ಒಂದೆಳೆ ಬಿಚ್ಚಿ ಜಡೆಗೆ ಮುಡಿದರು.

ನೀಲಿ ಪಟ್ಟಿಯ ಮರದಲ್ಲಿ ಮರಿ ಇತ್ತು. ಬೂದು ಬಣ್ಣದ ತುಪ್ಪಳದ ಉಂಡೆ, ಮೈಗೆ ಹೋಲಿಸಿದರೆ ಪಾದ ದೊಡ್ಡದು. ಗಾಳಿ ಬಂದರೆ ಉಗುರಿನಿಂದ ತೊಗಟೆ ಕಚ್ಚಿ ಹಿಡಿಯುತ್ತಿತ್ತು. ತಾಯಿಯೋ ತಂದೆಯೋ ಕೊಕ್ಕಿನಲ್ಲಿ ನಾಲ್ಕು ಸಣ್ಣ ಮೀನು ಅಡ್ಡಡ್ಡ ಹಿಡಿದು ಬಂತು. ಅಪ್ಪ ಮುಕ್ಕಾಲು ಗಂಟೆ ಅಲ್ಲೇ ನಿಂತರು. ನಾವು ಕೂರಿ ಅಂದರೂ ಕೂರಲಿಲ್ಲ. ಹೊರಡುವ ದಿನ ಅಮ್ಮ ಬಾಡಿದ ಹೂವನ್ನು ದಾರ ಬಿಚ್ಚಿ ಆ ಮರದ ಬುಡಕ್ಕೆ ಹಾಕಿ ಬಂದರು.

ಕಾಲ್ನಡಿಗೆ (ಮತ್ತೆ ಮೂರು ವಾರದ ನಂತರ)

ನಿಮ್ಮ ಅಪ್ಪನಿಗೆ ಹೇಳಿ, ಇವತ್ತು ಬೆಳಿಗ್ಗೆ ಕೊಂಬೆ ಖಾಲಿ ಇತ್ತು. ನಿನ್ನೆ ಸಂಜೆ ಪಕ್ಕದ ಮರದವರೆಗೆ ಹಾರಿತ್ತು. ಪಟ್ಟಿ ಬಿಚ್ಚಿಲ್ಲ, ಜೋಡಿ ಮತ್ತೆ ಅದೇ ಕೊಂಬೆಗೆ ಬರುತ್ತದೆ.